ಸಾಲ ತೀರಿದ ಮರುದಿನ

ಗೃಹಸಾಲದ ಕಡೆಯ ಕಂತು ಸಂದ ದಿನ ಮನೆಯಲ್ಲಿ ಪಾಯಸವಾಗುವುದು ಸಹಜ. ಮರುದಿನ ಗೃಹಿಣಿ ಯಜಮಾನರನ್ನು ಕೇಳಬೇಕಾದ ಮೊದಲ ಪ್ರಶ್ನೆ: “ಮನೆಯ ಪತ್ರಗಳು ಯಾವಾಗ ಕೈಗೆ ಬರುತ್ತವೆ?” 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸತಕ್ಕದ್ದು, ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಸಲ್ಲಬೇಕು.

ಎರಡನೆಯ ಪ್ರಶ್ನೆ ಹೆಚ್ಚು ತೊಡಕಿನದು. ಕಂತಿಗೆ ಹೋಗುತ್ತಿದ್ದ ಹಣ ಇನ್ನು ಎಲ್ಲಿಗೆ ಹೋಗಬೇಕು? ಅದಕ್ಕೊಂದು ಹೆಸರಿಡದಿದ್ದರೆ ಮೂರೇ ತಿಂಗಳಲ್ಲಿ ಅದರ ಸುಳಿವೂ ಉಳಿಯದು. ಇಷ್ಟು ವರ್ಷ ಆ ಹಣವಿಲ್ಲದೆಯೇ ಸಂಸಾರ ಸಾಗಿದೆಯಷ್ಟೆ. ಮೊದಲು ಆರು ತಿಂಗಳ ಖರ್ಚಿನಷ್ಟು ಮೊತ್ತ, ಬೇಕೆಂದಾಗ ತೆಗೆಯುವಂತೆ, ಬ್ಯಾಂಕಿನಲ್ಲಿರಲಿ. ಕಾಯಿಲೆ ಬಂದೊಡನೆ ಮತ್ತೆ ಸಾಲಕ್ಕೆ ಕೈಯೊಡ್ಡುವ ದುರ್ಗತಿ ತಪ್ಪುವುದು ಇದರಿಂದಲೇ. ಅನಂತರ ವೃದ್ಧಾಪ್ಯದ ಚಿಂತೆ. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯ ನಿಧಿಯಲ್ಲಿ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಇಡಬಹುದು. ಅವಧಿ 15 ವರ್ಷ. ಸುಲಭವಾಗಿ ಕೈಗೆ ಸಿಗದಿರುವುದೇ ಅದರ ಗುಣ.

ಉಳಿದುದರಲ್ಲಿ ಒಂದು ಪಾಲು ಗೃಹಿಣಿಯ ಇಚ್ಛೆಗೆ ಮೀಸಲಾಗಲಿ. ಆ ಕಂತುಗಳ ಹಿಂದೆ ಆಕೆ ಬೇಡವೆಂದ ಸೀರೆಗಳಿವೆ, ಮುಂದೂಡಿದ ಯಾತ್ರೆಗಳಿವೆ. ಆ ಸಾಲವನ್ನು ಯಾವ ಬ್ಯಾಂಕೂ ಲೆಕ್ಕವಿಟ್ಟಿಲ್ಲ.