ಆಘಾತಕ್ಕೆ ಮದ್ದಿದೆ, ಹತ್ತಿರದಲ್ಲಿಲ್ಲ

ಅಪಘಾತ, ಅತ್ಯಾಚಾರ, ಪ್ರವಾಹ, ಮನೆಯೊಳಗಿನ ಹಿಂಸೆಯಿಂದ ಪಾರಾದವರಲ್ಲಿ ಹೆಚ್ಚಿನವರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಆ ಘಟನೆ ಮುಗಿಯುವುದೇ ಇಲ್ಲ. ದುಃಸ್ವಪ್ನ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ನಡೆದದ್ದು ಮತ್ತೆ ಕಣ್ಣೆದುರೇ ನಡೆದಂತಾಗುವುದು ತಿಂಗಳುಗಟ್ಟಲೆ ಉಳಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ನಿದ್ದೆ ಮಾತ್ರೆ ಇದನ್ನು ಗುಣಪಡಿಸದು. ತರಬೇತಿ ಪಡೆದ ಚಿಕಿತ್ಸಕರ ಜತೆ ಆ ನೆನಪನ್ನು ಹಂತಹಂತವಾಗಿ ಎದುರಿಸುವ ಮನೋಚಿಕಿತ್ಸೆಗೇ ಆದ್ಯತೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎರಡು–ಮೂರು ತಿಂಗಳು ಬೇಕು.

ತೊಡಕಿರುವುದು ಆ ‘ವಾರಕ್ಕೊಮ್ಮೆ’ಯಲ್ಲೇ. ಪ್ರತಿ ಭೇಟಿಗೂ ಒಂದು ದಿನದ ಕೂಲಿ, ಬಸ್ ಚಾರ್ಜು, ಊರವರ ಪ್ರಶ್ನೆಗಳು. ದೌರ್ಜನ್ಯ ನಡೆಸಿದವರು ಮನೆಯವರೇ ಆಗಿದ್ದರೆ ಹೊರಡುವುದೇ ಕಷ್ಟ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ಆ ಹೆಮ್ಮೆಯ ನಡುವೆಯೂ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದು ಔಷಧಿ ಚೀಟಿ. ಮುಕ್ಕಾಲು ಗಂಟೆ ಕೂತು ಆಲಿಸುವ ಚಿಕಿತ್ಸಕರಲ್ಲ. ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಮಾನಸಿಕ ಕಾಯಿಲೆಯುಳ್ಳ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದಿದೆ, ವಿಮೆಯಲ್ಲಿ ತಾರತಮ್ಯ ಸಲ್ಲದೆಂದಿದೆ. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರಿಗಷ್ಟೇ ಹಣ ಕೊಡುತ್ತವೆ. ಆಘಾತದ ಮನೋಚಿಕಿತ್ಸೆಗೆ ದಾಖಲಾಗುವ ಅಗತ್ಯವೇ ಇರುವುದಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೇ, ಉಚಿತವಾಗಿ ಮೊದಲ ನೆರವು ನೀಡುತ್ತದೆ. ಅಲ್ಲಿಂದ ಮುಂದೆ ಕಳುಹಿಸಲು ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ಮನಶ್ಶಾಸ್ತ್ರಜ್ಞರ ಹುದ್ದೆ ಬೇಕು.