ತಂಬಾಕು: ಅಂದು ಹಕೀಮರು ಎತ್ತಿದ ಪ್ರಶ್ನೆ

1492ರ ನವೆಂಬರ್ ತಿಂಗಳಲ್ಲಿ ಕ್ಯೂಬಾ ದ್ವೀಪದಲ್ಲಿದ್ದ ಕೊಲಂಬಸನು ತನ್ನ ಸಂಗಡಿಗರಿಬ್ಬರನ್ನು ಒಳನಾಡಿಗೆ ಕಳುಹಿಸಿದನು. ಒಬ್ಬನು ರೊಡ್ರಿಗೊ ಡಿ ಹೆರೆಸ್. ಇನ್ನೊಬ್ಬನು ಅರಬಿ ಬಲ್ಲ ದುಭಾಷಿ ಲೂಯಿಸ್ ಡಿ ಟೊರೆಸ್. ಏಷ್ಯಾವನ್ನೇ ತಲುಪಿದೆನೆಂದು ಭ್ರಮಿಸಿದ್ದ ಕೊಲಂಬಸನಿಗೆ ಅಲ್ಲಿ ಅರಬಿ ಉಪಯೋಗಕ್ಕೆ ಬಂದೀತೆಂಬ ನಿರೀಕ್ಷೆಯಿತ್ತು. ಅರಬಿ ಆಡುವವರು ಸಿಗಲಿಲ್ಲ. ಸಿಕ್ಕವರು ಒಣಗಿದ ಎಲೆಯನ್ನು ಸುರುಳಿ ಸುತ್ತಿ, ಒಂದು ತುದಿಗೆ ಬೆಂಕಿ ಹಚ್ಚಿ, ಇನ್ನೊಂದು ತುದಿಯಿಂದ ಹೊಗೆ ಸೇದುತ್ತಿದ್ದ ತೈನೊ ಜನಾಂಗದ ಸ್ತ್ರೀಪುರುಷರು. ಇಂದಿನ ಸಿಗಾರಿನ ಮೂಲರೂಪ ಅದೇ.

1560ರ ಸುಮಾರಿಗೆ ಲಿಸ್ಬನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಜೀನ್ ನಿಕೊ ಎಂಬವನು ಈ ಎಲೆಯನ್ನು ಔಷಧವೆಂದು ತನ್ನ ರಾಜಮನೆತನಕ್ಕೆ ಕಳುಹಿಸಿದನು. ನಿಕೋಟಿನ್ ಎಂಬ ವಿಷಕ್ಕೆ ಬಂದಿರುವುದು ಅವನದೇ ಹೆಸರು. ಔಷಧದ ವೇಷ ತೊಟ್ಟ ಈ ಎಲೆ ಪೋರ್ಚುಗೀಸರ ಹಡಗುಗಳನ್ನೇರಿ ನಮ್ಮ ದಖ್ಖನಿಗೂ ಬಂತು.

ಉತ್ತರ ಭಾರತದ ಅರಮನೆಗೆ ತಂಬಾಕು ಹೋದುದು ನಮ್ಮ ವಿಜಯಪುರದಿಂದ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಆದಿಲ್‌ಶಾಹಿ ದರ್ಬಾರಿಗೆ ಹೋಗಿದ್ದ ಅಸದ್ ಬೇಗ್ ಎಂಬ ಮೊಘಲ್ ಅಧಿಕಾರಿ 1604ರ ಸುಮಾರಿಗೆ ಅಲ್ಲಿಂದ ತಂಬಾಕನ್ನೂ ರತ್ನಖಚಿತವಾದ ಒಂದು ನಳಿಗೆಯನ್ನೂ ಅಕ್ಬರನಿಗೆ ಕಾಣಿಕೆಯಾಗಿ ಒಯ್ದನು. ಇದು ಮಕ್ಕಾ ಮದೀನಗಳಲ್ಲಿಯೂ ಪರಿಚಿತವಾದ ವಸ್ತುವೆಂದು ಸರದಾರನೊಬ್ಬನು ಹೇಳಿದನು. (ಪವಿತ್ರ ನಗರಗಳ ಹೆಸರು ಹೇಳಿ ಸರಕು ಮಾರುವ ಚಾಳಿ ಇಂದಿನದಲ್ಲ!) ಬಾದಶಹನು ಎರಡು ಮೂರು ಬಾರಿ ಹೊಗೆ ಎಳೆದಾಗ ಹಕೀಮರು ಅಡ್ಡ ಬಂದರು. ನಮ್ಮ ವೈದ್ಯರು ಏನೂ ಬರೆದಿಡದ, ಪರೀಕ್ಷಿಸದ ವಸ್ತುವಿನ ಗುಣದೋಷಗಳನ್ನು ನಾವು ಹೇಗೆ ಹೇಳೋಣ ಎಂಬುದು ಅವರ ಪ್ರಶ್ನೆ. ಯುರೋಪಿನ ಜಾಣರು ಇದನ್ನು ಒಪ್ಪಿದ್ದಾರೆ, ಯಾವ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂದು ಅಸದ್ ಬೇಗ್ ವಾದಿಸಿದನು. ನಮ್ಮ ಗ್ರಂಥಗಳಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಪರರ ವಸ್ತುವನ್ನು ತಳ್ಳಿಹಾಕಬಾರದೆಂದು ಅಕ್ಬರನೂ ಮೆಚ್ಚಿ ನುಡಿದನು. ಆದರೆ ತಾನು ಮಾತ್ರ ಸೇದುವ ರೂಢಿ ಮಾಡಿಕೊಳ್ಳಲಿಲ್ಲ. ಸರದಾರರು ಮಾಡಿಕೊಂಡರು. ಬೆನ್ನಿಗೇ ವರ್ತಕರು ಮಾರತೊಡಗಿದರು.

ಅಕ್ಬರನ ಮಾತು ತಪ್ಪೆಂದು ನಾವು ಹೇಳಲಾರೆವು. ಆದರೆ ಹಕೀಮರು ಕೇಳಿದ್ದು ಗ್ರಂಥವನ್ನಷ್ಟೇ ಅಲ್ಲ, ಪರೀಕ್ಷೆಯನ್ನು. ಅದಕ್ಕೆ ಅಂದು ಯಾರೂ ಉತ್ತರ ಕೊಡಲಿಲ್ಲ.

ದೊರೆಗಳು ಖಡ್ಗ ಹಿಡಿದೂ ನೋಡಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದನು. 1633ರಲ್ಲಿ ಉಸ್ಮಾನಿ ಸುಲ್ತಾನ ನಾಲ್ಕನೆಯ ಮುರಾದನು ಮರಣದಂಡನೆಯನ್ನೇ ವಿಧಿಸಿದನು. ಹೊಗೆ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಇಸ್ತಾಂಬುಲಿನಲ್ಲಿ, ಸ್ವತಃ ಧೂಮಪಾನಿಯಾಗಿದ್ದ ಶೈಖುಲ್ ಇಸ್ಲಾಮ್ ಬಹಾಯೀ ಎಫೆಂದಿಯವರು ಅದು ಅನುಮತವೆಂದು ಫತ್ವಾ ನೀಡಿದರು. ದಮಾಸ್ಕಸ್ಸಿನ ಮಹಾವಿದ್ವಾಂಸ ಅಬ್ದುಲ್ ಗನಿ ನಾಬುಲ್ಸೀಯವರೂ ಅನುಮತಿಯ ಪರವಾಗಿ ಗ್ರಂಥ ಬರೆದರು.

ನಮ್ಮ ಮದ್ರಸಾ ದಿನಗಳಲ್ಲಿ ಹಿರಿಯ ಉಸ್ತಾದರೊಬ್ಬರು ಮಗ್ರಿಬ್ ನಮಾಝಿನ ಬಳಿಕ ಬೀಡಿ ಹಚ್ಚುತ್ತಿದ್ದರು. ಕೇಳಿದರೆ, ಕಿತಾಬಿನಲ್ಲಿ ಮಕ್ರೂಹ್ ಎಂದಷ್ಟೇ ಇದೆ ಎಂದು ಕೆಮ್ಮುತ್ತಲೇ ನಗುತ್ತಿದ್ದರು. ಅವರ ಇಲ್ಮಿನ ಬಗ್ಗೆ ನಮಗೆ ಇಂದಿಗೂ ಗೌರವವಿದೆ. ಆದರೆ ಆ ಉತ್ತರ ಅಂದೇ ಹಳತಾಗಿತ್ತು. ಹಳೆಯ ಫುಕಹಾಗಳು ತಮಗೆ ತಿಳಿದಷ್ಟರ ಮೇಲೆ ತೀರ್ಪಿತ್ತರು. 1880ರಲ್ಲಿ ಅಮೆರಿಕದ ಜೇಮ್ಸ್ ಬಾನ್ಸಾಕ್ ನಿರ್ಮಿಸಿದ, ದಿನಕ್ಕೆ ಲಕ್ಷಕ್ಕೂ ಹೆಚ್ಚು ಸಿಗರೇಟು ಸುತ್ತುವ ಯಂತ್ರವನ್ನು ಅವರು ಕಂಡವರಲ್ಲ. 1950ರಲ್ಲಿ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಅಧ್ಯಯನ ಮಾಡಿ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರ ಬರಹವನ್ನು ಅವರು ಓದಿರಲು ಸಾಧ್ಯವಿರಲಿಲ್ಲ. ಹಕೀಮರು ಕೇಳಿದ ಪರೀಕ್ಷೆ ನಡೆದದ್ದು ಮುನ್ನೂರೈವತ್ತು ವರ್ಷ ತಡವಾಗಿ. ಇಂದು ತಂಬಾಕಿಗೆ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ನಮ್ಮ ಕೈಯಾರೆ ನಾವು ವಿನಾಶಕ್ಕೆ ಬೀಳಬಾರದೆಂಬ ಸೂರಾ ಅಲ್ ಬಕರದ ಆದೇಶ (2:195) ಇಷ್ಟೆಲ್ಲ ತಿಳಿದವರಿಗೆ ಹೇಗೆ ಅನ್ವಯಿಸುತ್ತದೆಂದು ವಿವರಿಸಬೇಕಿಲ್ಲ. ನಾಬುಲ್ಸೀಯವರ ಹೆಸರು ಹೇಳಿ ಇಂದು ಸಿಗರೇಟು ಹಚ್ಚುವವರು ಆ ಮಹನೀಯರ ಅಜ್ಞಾತವನ್ನು ತಮ್ಮ ನೆಪವಾಗಿ ಬಳಸುತ್ತಿದ್ದಾರೆ.

ಇಲ್ಲಿ ನಮಗೂ ಒಂದು ಸಂಕಟವಿದೆ. ಕರಾವಳಿಯಲ್ಲಿ ನಮ್ಮ ಎಷ್ಟೋ ತಾಯಂದಿರು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಕ್ಕಳ ಶಾಲೆಯ ಶುಲ್ಕ ತೆತ್ತಿದ್ದಾರೆ, ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ಮಿಂಬರಿನಿಂದ ಒಂದೇ ಮಾತಿನಲ್ಲಿ ಹರಾಮ್ ಎಂದು ಇಳಿದುಬರುವುದು ಸುಲಭ. ಆ ದಿನದ ಕೂಲಿಯನ್ನು ಅವರಿಗೆ ಕೊಡುವವರು ಯಾರು? ಸೇದುವವನಿಗೂ ಕಟ್ಟುವವಳಿಗೂ ಒಂದೇ ದನಿಯಲ್ಲಿ ಉಪದೇಶಿಸಲು ನಮಗೆ ಮನಸ್ಸಿಲ್ಲ. ಮೊಹಲ್ಲಾದ ಜಮಾಅತ್ತುಗಳು ಝಕಾತಿನ ಹಣದಿಂದ ಅರ್ಹ ಬೀಡಿ ಕಾರ್ಮಿಕ ಮಹಿಳೆಯರಿಗೆ ಹೊಲಿಗೆ ಯಂತ್ರವನ್ನೋ ಸಣ್ಣ ಅಂಗಡಿಯ ಬಂಡವಾಳವನ್ನೋ ಮೊದಲು ಒದಗಿಸಲಿ. ಸೇದುವ ಗಂಡಸರಿಗೆ ಮಾತ್ರ ಅಷ್ಟು ಕಾಯುವ ಅಗತ್ಯವಿಲ್ಲ. ಅವರು ಈ ಶುಕ್ರವಾರದಿಂದಲೇ, ಜುಮಾ ಮುಗಿದೊಡನೆ ಮಸೀದಿಯ ಗೇಟಿನ ಹೊರಗೆ ಮಕ್ಕಳೆದುರು ಬೆಂಕಿಕಡ್ಡಿ ಗೀರುವುದನ್ನು ನಿಲ್ಲಿಸಬಹುದು.