ಅಂಕ ಹಾಕುವ ಕೈ, ಹೆಗಲ ಮೇಲಿನ ಕೈ

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಈಗ ಮೆಂಟರ್‌ಗಳಿಗೆ ಬರವಿಲ್ಲ. ಇಷ್ಟು ವಿದ್ಯಾರ್ಥಿಗಳಿಗೆ ಒಬ್ಬರು ಎಂದು ಹಂಚಿದ ಪಟ್ಟಿ ನೋಟಿಸ್ ಬೋರ್ಡಿನಲ್ಲಿರುತ್ತದೆ, ಸಹಿ ರಿಜಿಸ್ಟರಿನಲ್ಲಿರುತ್ತದೆ. ಮಾತುಕತೆ ಎಲ್ಲಿ ನಡೆಯಿತು ಎಂದು ಮಾತ್ರ ಕೇಳಬಾರದು.

ಮೇಷ್ಟ್ರಿಗೆ ಪುರಸೊತ್ತಿಲ್ಲ ಎನ್ನುವುದು ಸಿದ್ಧ ಉತ್ತರ. ಅದು ಸುಳ್ಳಲ್ಲ, ಆದರೆ ರೋಗದ ಮೂಲ ಅದಲ್ಲ. ಮೆಂಟರ್ ಆದವರೇ ಇಂಟರ್ನಲ್ ಅಂಕ ಹಾಕುತ್ತಾರೆ, ಲಾಗ್‌ಬುಕ್ಕಿಗೆ ಸಹಿ ಮಾಡುತ್ತಾರೆ. ಎಂ.ಡಿ., ಎಂ.ಎಸ್. ಹಂತದಲ್ಲಂತೂ ಥೀಸಿಸ್ ಗೈಡ್, ಯೂನಿಟ್ ಮುಖ್ಯಸ್ಥ, ರಜೆ ಕೊಡುವವರು ಹಲವು ಕಡೆ ಒಬ್ಬರೇ. ಅವರೆದುರು 'ನನಗೆ ಆಗ್ತಿಲ್ಲ ಸರ್' ಎಂದು ಯಾರು ಬಾಯಿಬಿಡುತ್ತಾರೆ? ನಾನು ಡಾಕ್ಟರಲ್ಲ, ಡಾಕ್ಟರೇಟಿಗೆ ಓದುತ್ತಿರುವವಳು. ಒಂದು ಸಹಿಯ ಮೇಲೆ ಬದುಕಿನ ನಾಲ್ಕೈದು ವರ್ಷ ನೇತಾಡುವಾಗ ಮಾತು ಗಂಟಲಲ್ಲೇ ಉಳಿಯುವುದು ನನಗೆ ಗೊತ್ತು.

ಇದು ಬರೀ ಗೊಣಗಾಟವಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 31ರಷ್ಟು ಮಂದಿ ತಮಗೆ ಆತ್ಮಹತ್ಯೆಯ ಯೋಚನೆ ಬಂದದ್ದಿದೆ ಎಂದಿದ್ದರು. ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬೇಡಿ ಎಂದು ವರದಿ ಶಿಫಾರಸು ಮಾಡಿತು. 74 ಗಂಟೆಯೇ ರಿಯಾಯಿತಿಯಂತೆ ಕಾಣುವ ಲೋಕ ಅದು.

'ನಾವೂ ಬೈಸಿಕೊಂಡೇ ಕಲಿತವರು, ಗುರುವಿಗೆ ಶರಣಾಗದೆ ವಿದ್ಯೆ ಒಲಿಯದು' ಎನ್ನುವ ಹಿರಿಯರಿದ್ದಾರೆ. ಪರಂಪರೆಯ ಹೆಸರೆತ್ತುವುದಾದರೆ ಅದನ್ನು ಪೂರ್ತಿ ಓದೋಣ. ಚರಕಸಂಹಿತೆಯ ವಿಮಾನಸ್ಥಾನ, ವಿದ್ಯೆಗೆ ಹೊರಟವನು ಆಚಾರ್ಯನನ್ನೂ ಪರೀಕ್ಷಿಸಿ ಆರಿಸಿಕೊಳ್ಳಲಿ ಎನ್ನುತ್ತದೆ. ಸುಶ್ರುತಸಂಹಿತೆಯಲ್ಲಿ ಶಿಷ್ಯನಿಗೆ ಕಟ್ಟುಪಾಡು ಹೇಳಿದ ಗುರು ತನಗೂ ಒಂದು ಹಾಕಿಕೊಳ್ಳುತ್ತಾನೆ: ನೀನು ಸರಿಯಾಗಿ ನಡೆದುಕೊಂಡೂ ನಾನು ನಿನ್ನನ್ನು ಬೇರೆ ರೀತಿ ಕಂಡರೆ ಪಾಪ ನನಗೆ, ನನ್ನ ವಿದ್ಯೆ ನಿಷ್ಫಲವಾಗಲಿ. ನಾವು ಶಿಷ್ಯನ ಪ್ರತಿಜ್ಞೆಯನ್ನು ಉಳಿಸಿಕೊಂಡು ಗುರುವಿನದನ್ನು ಜಾಣತನದಿಂದ ಮರೆತಿದ್ದೇವೆ.

ಇದರ ಬೆಲೆ ತೆರುವವರು ವಿದ್ಯಾರ್ಥಿಗಳಷ್ಟೇ ಅಲ್ಲ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ರೋಗಿಯೊಡನೆ ಹೇಗೆ ಮಾತಾಡಬೇಕೆಂಬ ಪಾಠವೂ ಇದೆ. ಒಳ್ಳೆಯದೇ. ಆದರೆ ಬೆಳಿಗ್ಗೆ ರೌಂಡ್ಸಿನಲ್ಲಿ ಪ್ರೊಫೆಸರ್ ಪಿ.ಜಿ.ಯನ್ನು ಎಲ್ಲರೆದುರು ಹಂಗಿಸಿದರೆ, ಆ ಸಿಟ್ಟು ಇಂಟರ್ನ್ ಮೇಲೆ ಇಳಿಯುತ್ತದೆ, ಅಲ್ಲಿಂದ ಹಳ್ಳಿಯಿಂದ ಬಸ್ ಹಿಡಿದು ಬಂದು ಓ.ಪಿ.ಡಿ. ಸಾಲಿನಲ್ಲಿ ನಿಂತ ಅಜ್ಜಿಯ ಮೇಲೆ. 'ಎಷ್ಟು ಸಲ ಹೇಳಬೇಕು ನಿನಗೆ?' ಎಂಬ ಆ ಗದರಿಕೆ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಎಲ್ಲರಿಗೂ ಬಾಯಿಪಾಠ.

ಹಾಗಾಗಿ ಕೇಳಬೇಕಾದದ್ದು ಇನ್ನೊಂದು ಸುತ್ತೋಲೆಯನ್ನಲ್ಲ. ಮೆಂಟರ್ ಬೇರೆ ವಿಭಾಗದವರಾಗಿರಲಿ, ಅವರ ಕೈಯಲ್ಲಿ ವಿದ್ಯಾರ್ಥಿಯ ಒಂದು ಅಂಕವೂ ಇರದಿರಲಿ. ಹೊಂದಿಕೆಯಾಗದಿದ್ದರೆ ಕಾರಣ ಹೇಳದೆ ಬದಲಿಸಿಕೊಳ್ಳುವ ಹಕ್ಕು ವಿದ್ಯಾರ್ಥಿಗಿರಲಿ. ಈ ಕೆಲಸಕ್ಕೆ ಕೊಟ್ಟ ಗಂಟೆಗಳು ಮೇಷ್ಟ್ರ ಬೋಧನೆಯ ಲೆಕ್ಕಕ್ಕೆ ಸೇರಲಿ, ಬಡ್ತಿಯಲ್ಲಿ ಎಣಿಕೆಯಾಗಲಿ. ಇಷ್ಟನ್ನು ಕೊಡಲಾಗದಿದ್ದರೆ ಆ ರಿಜಿಸ್ಟರನ್ನು ಮುಚ್ಚಿಬಿಡಿ. ಇಲ್ಲದ ಆಸರೆಯನ್ನು ಇದೆ ಎಂದು ಬರೆದಿಡುವುದು, ಕೊಡದ ಔಷಧಿಯನ್ನು ಕೇಸ್‌ಶೀಟಿನಲ್ಲಿ ಕೊಟ್ಟೆವೆಂದು ಬರೆದಷ್ಟೇ ಅಪಾಯ.